ಕೋಡಿನೊಳಗೆ ಹೊಕ್ಕ ಸಾಹೇಬರು

ನಿಗಮವೊಂದಕ್ಕೆ ನಿರ್ದೇಶಕರಾಗಿ ಬಂದ ವೃಷಭೇಂದ್ರಪ್ಪನವರಿಗೆ ಒಂದೇ ಕೊರಗು. ಕಡತಗಳೆಲ್ಲ ಕಂಪ್ಯೂಟರಿಗೆ ಹೋಗಿ, ತಮ್ಮ ಮೇಜಿಗೆ ಏನೂ ಬರುತ್ತಿರಲಿಲ್ಲ, ತಮ್ಮ ಹೆಸರೂ ಎಲ್ಲೂ ಕಾಣುತ್ತಿರಲಿಲ್ಲ. ಗುತ್ತಿಗೆ ಮೇಲಿದ್ದ ಪ್ರೋಗ್ರಾಮರ್ ಇಂದುಮತಿಯನ್ನು ಕರೆಸಿದರು.

"ನೋಡಮ್ಮ, ನೀನು ಕಂಪ್ಯೂಟರಿಗೆ ಬರೆದ ಕೋಡಿನಲ್ಲಿ ಒಂದೊಂದು ಕೆಲಸ ಮಾಡೋ ಪ್ರತಿ ಫಂಕ್ಷನ್ನಿಗೂ ಬೇರೆ ಮಾಹಿತಿ ಜೊತೆ ನನ್ನ ಹೆಸರೂ ಒಳಗೆ ಹೋಗಬೇಕು, ಬಿರುದು ಸಮೇತ. ಇಲ್ಲದಿದ್ದರೆ ನಿನ್ನ ಗುತ್ತಿಗೆ ಮುಂದುವರಿಯಲ್ಲ."

"ಆಗಲಿ ಸರ್" ಅಂದಳು ಇಂದುಮತಿ. ವಾರದೊಳಗೆ ಸೇರಿಸಿಯೂ ಬಿಟ್ಟಳು. ಆಮೇಲೆ, ಕೋಡನ್ನು ಓದಿ ತಪ್ಪು ಹಿಡಿಯುವ ತಪಾಸಣಾ ತಂತ್ರಾಂಶವನ್ನು ಸಿಬ್ಬಂದಿಯೆಲ್ಲರ ಮುಂದೆ ದೊಡ್ಡ ಪರದೆಯ ಮೇಲೆ ಓಡಿಸಿದಳು. ಸಾಹೇಬರು ಮೀಸೆ ತಿರುವುತ್ತ ಕೂತರು.

ಪರದೆ ತುಂಬ ಒಂದೇ ದೂರು, ನಾನೂರು ಸಲ: "ಮಾನ್ಯ ಡಾಕ್ಟರ್ ವೃಷಭೇಂದ್ರಪ್ಪ ನಿರ್ದೇಶಕರು: ಹೆಸರು ಅತಿ ಉದ್ದ. ಒಳಗೆ ಬಂದಿದೆ, ಯಾವ ಕೆಲಸಕ್ಕೂ ಬಳಕೆಯಾಗಿಲ್ಲ. ತೆಗೆದರೆ ತೊಂದರೆಯಿಲ್ಲ."

"ಯಾರು ಬರೆದದ್ದು ಇದು?" ಸಾಹೇಬರು ಗುಡುಗಿದರು.

"ಯಂತ್ರ ಸರ್. ಅದಕ್ಕೆ ದೊಡ್ಡವರು ಚಿಕ್ಕವರು ಗೊತ್ತಾಗಲ್ಲ. ತಾವು ಇಲ್ಲಿ ಮಾಡೋ ಒಂದೇ ಒಂದು ಕೆಲಸ ಹೇಳಿ, ಅಲ್ಲಿ ಹೆಸರು ಬಳಸ್ತೀನಿ. ದೂರು ತಾನಾಗೇ ನಿಲ್ಲುತ್ತೆ."

ಸಾಹೇಬರು ಯೋಚಿಸಿದರು. ಊಟದ ಹೊತ್ತಾಯಿತು, ಕಾಫಿ ಹೊತ್ತೂ ಆಯಿತು. ಸಂಜೆ ಆದೇಶ ಹೊರಟಿತು: ಹೆಸರು ತೆಗೆಯತಕ್ಕದ್ದು.

ಸಾಹೇಬರು ಬಂದಮೇಲೆ ಮಾಡಿದ ಮೊದಲ ಕೆಲಸ ಅದೇ ಅಂತ ಕಚೇರಿಯ ಜವಾನ ಇವತ್ತಿಗೂ ಹೇಳುತ್ತಾನೆ.