ಐದು ಹೊಸ್ತಿಲು

ಮುರಿಗೆಪ್ಪ ಮಠಕ್ಕೆ ಬಂದು ಕಾವಿ ಕೇಳಿದಾಗ ಅವನಿಗೆ ಇಪ್ಪತ್ತಾರು ವರ್ಷ. ಮದುವೆಯಾಗಿ ಇನ್ನೂ ಮೂರು ವರ್ಷ ತುಂಬಿರಲಿಲ್ಲ.

ನೇಕಾರ ಮನುಷ್ಯ. ಸೀರೆಗೆ ಸೆರಗು ನೇಯುವುದರಲ್ಲಿ ಅವನನ್ನು ಸರಿಗಟ್ಟುವವರು ಆ ಊರಲ್ಲಿ ಇರಲಿಲ್ಲ. ಆದರೆ ಒಂದು ವರ್ಷದಿಂದ ಅವನು ಮಗ್ಗಕ್ಕೆ ಇಳಿದಿರಲಿಲ್ಲ. ಐದು ತಿಂಗಳ ಮಗಳು ಜ್ವರ ಬಂದು ತೀರಿಕೊಂಡಿದ್ದಳು.

ಅವತ್ತಿನಿಂದ ಬೆಳಗಾದರೆ ಹೊಳೆದಂಡೆಯ ಮಠಕ್ಕೆ ಬರುವುದು, ಕಸ ಹೊಡೆಯುವುದು, ನೀರು ಸೇದುವುದು. ಊಟದ ಹೊತ್ತಿಗೂ ಮನೆಗೆ ಹೋಗುತ್ತಿರಲಿಲ್ಲ. ಜನ ಅದಕ್ಕೆ ವೈರಾಗ್ಯ ಎಂದು ಹೆಸರಿಟ್ಟರು. ಜನಕ್ಕೇನು, ಹೆಸರಿಟ್ಟುಬಿಟ್ಟರೆ ಅವರ ಕೆಲಸ ಮುಗಿಯಿತು. ಮಠದ ಗುರುಗಳು, ಎಲ್ಲರ ಬಾಯಲ್ಲಿ ಅಜ್ಜಾರು, ಮಾತ್ರ ಹಾಗೆ ಅನ್ನಲಿಲ್ಲ.

ಮದುವೆಯಾದವನಿಗೆ ಆ ಮಠದಲ್ಲಿ ಸುಮ್ಮನೆ ಕಾವಿ ಕೊಡುತ್ತಿರಲಿಲ್ಲ. ಹೆಂಡತಿ ಬಂದು ಗುರುವಿನ ಎದುರು ನಿಂತು ಒಪ್ಪಿದ್ದೇನೆ ಎನ್ನಬೇಕು. ಹಾಗೆ ಬಂದ ಹೆಂಗಸರು ಅಳುತ್ತಿದ್ದರು, ಬೈಯುತ್ತಿದ್ದರು, ಅಜ್ಜಾರನ್ನೂ ಬಿಡುತ್ತಿರಲಿಲ್ಲ. ಎಷ್ಟೋ ಗಂಡಸರು ಕಾವಿಯ ಆಸೆ ಅಲ್ಲಿಯೇ ಬಿಟ್ಟು ಹೆಂಡತಿಯ ಹಿಂದೆ ಮನೆಗೆ ಹೋಗಿದ್ದರು.

ಮುರಿಗೆಪ್ಪನ ಹೆಂಡತಿ ದಾನಮ್ಮ ಬಂದಳು. ಕೈಮುಗಿದಳು.

“ಉಟ್ಕೊಳ್ಳಲಿ ಬಿಡ್ರಿ, ಅಜ್ಜಾರ,” ಎಂದಳು.

ಕಣ್ಣಲ್ಲಿ ಒಂದು ಹನಿ ಇಲ್ಲ, ದನಿಯಲ್ಲಿ ಸಿಟ್ಟಿಲ್ಲ. ಮುರಿಗೆಪ್ಪ ನೆಲ ನೋಡುತ್ತ ನಿಂತಿದ್ದ. ಬೈದವರನ್ನು ಕಂಡು ಎಂದೂ ಹೆದರದ ಅಜ್ಜಾರಿಗೆ ಅವತ್ತು ಹೆದರಿಕೆಯಾಯಿತು.

ಕಾವಿ ಕೊಡೋಣ, ಅದಕ್ಕೂ ಮೊದಲು ಮಠದ್ದೊಂದು ಕೆಲಸವಿದೆ ಎಂದರು. ಹೊಳೆಯ ಮೇಲ್ಗಡೆ ಐದು ಊರುಗಳಲ್ಲಿ ಮಠದ ಭಕ್ತರ ಐದು ಮನೆ. ಮನೆಗೊಂದು ವಿಭೂತಿ ಗಟ್ಟಿ ಮುಟ್ಟಿಸಬೇಕು. ದಿನಕ್ಕೊಂದು ಊರು. ನಡೆದೇ ಹೋಗಬೇಕು, ಗಂಡ ಹೆಂಡತಿ ಇಬ್ಬರೂ. ಬರುವಾಗ ಬೇಕಾದರೆ ಬಸ್ಸು ಹತ್ತಬಹುದು.

ಆ ಸೀಮೆಯಲ್ಲಿ ಒಂದು ರೂಢಿಯಿದೆ. ಗಂಡ ಹೆಂಡತಿ ಜೋಡಿಯಾಗಿ ಮನೆಗೆ ಬಂದರೆ ಹೊಸ್ತಿಲಲ್ಲೇ ತಡೆದು ನಿಲ್ಲಿಸುತ್ತಾರೆ. ಗಂಡ ಹೆಂಡತಿಯ ಹೆಸರು ಹೇಳಬೇಕು, ಹೆಂಡತಿ ಗಂಡನ ಹೆಸರು ಹೇಳಬೇಕು. ಬರೀ ಹೆಸರಲ್ಲ. ಮೂರು ನಾಲ್ಕು ಸಾಲು ಪ್ರಾಸ ಕಟ್ಟಿ ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಇದಕ್ಕೆ ಒಡಪು ಅನ್ನುತ್ತಾರೆ. ಹೇಳಿದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಎಲ್ಲ ನಗುವುದಕ್ಕೆ ಮಾಡಿಕೊಂಡದ್ದು.

“ಒಂದು ಮಾತು,” ಎಂದರು ಅಜ್ಜಾರು. “ಒಮ್ಮೆ ಹೇಳಿದ ಒಡಪು ಮತ್ತ ಹೇಳಬಾರದು. ಮಂದಿ ಕಟ್ಟಿದ್ದು ಹೇಳಬಾರದು. ಅವತ್ತ ಹಾದ್ಯಾಗ ಏನ ಕಂಡೀರಿ, ಅದನ್ನ ಹೇಳಬೇಕು.”

ಸನ್ಯಾಸಿಯಾಗುವವನಿಗೆ ಹೆಂಡತಿಯ ಹೆಸರು ಹಿಡಿದು ಒಡಪು ಯಾಕೆ ಎಂದು ಮುರಿಗೆಪ್ಪ ಕೇಳಿದ. ಅಜ್ಜಾರು ವಿಭೂತಿಯ ಗಂಟನ್ನು ತೆಗೆದು ದಾನಮ್ಮನ ಕೈಗೆ ಕೊಟ್ಟರು. ಅವಳನ್ನು ಬಿಟ್ಟು ಅವನೊಬ್ಬನೇ ಯಾವ ಮನೆಗೂ ಹೋಗುವಂತಿರಲಿಲ್ಲ.

ಮೊದಲ ದಿನ ಅವನು ಮುಂದೆ, ಅವಳು ಮೂವತ್ತು ಹೆಜ್ಜೆ ಹಿಂದೆ. ಸಂಜೆಯ ತನಕ ಹಾಗೆಯೇ ನಡೆದರು.

ಮೊದಲ ಮನೆಯ ಮುದುಕಿ ಬಾಗಿಲಿಗೆ ಅಡ್ಡ ಕೈಯಿಟ್ಟಳು. ಮುರಿಗೆಪ್ಪನಿಗೆ ದಾರಿಯಲ್ಲಿ ಏನೂ ಕಂಡಿರಲಿಲ್ಲ. ಮದುವೆಯ ದಿನ ಯಾರೋ ಬಾಯಿಪಾಠ ಮಾಡಿಸಿದ್ದನ್ನೇ ಒಪ್ಪಿಸಿದ.

“ತಾಟಿನ ತುಂಬ ಹೋಳಿಗಿ, ವಾಟಿಯ ತುಂಬ ತುಪ್ಪ, ದಾನಮ್ಮನ್ನ ನೋಡಿ ಬಂದು ಒಪ್ಪ್ಯಾನ ನಮ್ಮಪ್ಪ.”

ನಿಮ್ಮಪ್ಪ ಒಪ್ಪಿದ, ನೀನು ಒಪ್ಪಿದೆಯೋ ಇಲ್ಲವೋ ಎಂದು ಮುದುಕಿ ಕೇಳಿದಳು. ಅಂಗಳದಲ್ಲಿದ್ದವರೆಲ್ಲ ನಕ್ಕರು. ಅವನು ನಗಲಿಲ್ಲ. ಗುರುವಿನ ಮಾತು ಮೊದಲ ಹೊಸ್ತಿಲಲ್ಲೇ ಮುರಿದಿದ್ದ.

ಇನ್ನು ದಾನಮ್ಮ. ಅವಳು ಒಡಪನ್ನೇ ಹೇಳಲಿಲ್ಲ. “ಮುರಿಗೆಪ್ಪ,” ಎಂದಳು, ರೇಷನ್ ಅಂಗಡಿಯಲ್ಲಿ ಕೇಳಿದಾಗ ಹೇಳುವ ಹಾಗೆ. ಮುದುಕಿಯ ನಗು ಇಳಿದುಹೋಯಿತು. ಕೈ ತೆಗೆದು ಸುಮ್ಮನೆ ಒಳಗೆ ಬಿಟ್ಟಳು.

ಎರಡನೆಯ ದಿನ ಏನಾದರೂ ಕಾಣಲೇಬೇಕಿತ್ತು. ಬೆಳಗಿನಿಂದ ಹೊಳೆ ನೋಡಿದ, ಬಂಡೆ ನೋಡಿದ, ಬೆಳ್ಳಕ್ಕಿ ನೋಡಿದ. ಅವುಗಳ ಜೊತೆ ದಾನಮ್ಮನ ಹೆಸರು ಕೂಡಲಿಲ್ಲ. ಮಧ್ಯಾಹ್ನವಾಗುತ್ತ ಬೇರೆ ದಾರಿ ಕಾಣದೆ ಹಿಂದಕ್ಕೆ ತಿರುಗಿ ಅವಳನ್ನು ನೋಡಿದ.

ಅವಳು ಬರಿಗಾಲಲ್ಲಿ ಬರುತ್ತಿದ್ದಳು. ಉಂಗುಟದ ಬಾರು ಕಿತ್ತುಹೋದ ಚಪ್ಪಲಿ ಕೈಯಲ್ಲಿತ್ತು. ಕಾದ ಉಸುಕಿನಲ್ಲಿ ಹಿಮ್ಮಡಿ ಊರಲಾರದೆ ತುದಿಗಾಲಲ್ಲಿ ನಡೆಯುತ್ತಿದ್ದಳು.

ಯಾವಾಗ ಕಿತ್ತಿತು ಎಂದು ಕೇಳಿದ. ನಿನ್ನೆ ಎಂದಳು.

“ನಿನ್ನೇನ ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ನಿಂದ್ರಬೇಕಾಗ್ತಿತ್ತು,” ಎಂದಳು.

ಅದರಲ್ಲಿ ಕೊಂಕಿರಲಿಲ್ಲ. ಹಾಗಾಗಿಯೇ ಅವನಿಗೆ ಅದು ಚುಚ್ಚಿತು. ತನ್ನ ಚಪ್ಪಲಿ ಬಿಟ್ಟು ಅವಳ ಮುಂದಿಟ್ಟ. ದೊಡ್ಡವಾದವು, ಆದರೂ ಮೆಟ್ಟಿಕೊಂಡಳು. ಎರಡನೆಯ ಹೊಸ್ತಿಲಲ್ಲಿ ಅವನು ಹೇಳಿದ್ದು ಇದು:

“ಉಂಗುಟ ಹರದ ಚಪ್ಪಲಿ ಕೈಯಾಗ, ಕಾದ ಉಸುಕು ಬರೇ ಕಾಲಾಗ, ದಾನಮ್ಮ ನಡದಾಳ ಎರಡು ದಿನ, ನಾ ತಿರುಗಿ ನೋಡಲಿಲ್ಲ ಹಾದ್ಯಾಗ.”

ಅಷ್ಟೇನೂ ಚಂದದ ಒಡಪಲ್ಲ. ಆದರೆ ಅಲ್ಲಿ ಯಾರೂ ನಗಲಿಲ್ಲ. ಮನೆಯಾಕೆ ದಾನಮ್ಮನ ಕಾಲಿಗೆ ಕೊಬ್ಬರಿ ಎಣ್ಣೆ ತಂದುಕೊಟ್ಟಳು.

ಮೂರನೆಯ ದಿನ ಒಂದು ನೇಕಾರರ ಊರು ದಾಟಬೇಕಿತ್ತು. ಓಣಿಯ ಬಾಯಲ್ಲೇ ಮಗ್ಗದ ಸಪ್ಪಳ ಕೇಳಿಸಿತು. ಮುರಿಗೆಪ್ಪ ನಿಂತ. ಓಣಿ ಬಿಟ್ಟು ಹೊಲದ ಬದುವಿಗೆ ಇಳಿದ. ಸುತ್ತುದಾರಿ, ಮೇಲೆ ಜಾಲಿಮುಳ್ಳು. ದಾನಮ್ಮ ಹಿಂದೆ ನಡೆದಳು. ಅವತ್ತು ಸಂಜೆ ಮೂರನೆಯ ಹೊಸ್ತಿಲಲ್ಲಿ ಅವಳು ಬಾಯಿ ಬಿಟ್ಟಳು.

“ಲಾಳಿ ಸಪ್ಪಳಕ್ಕ ಅಂಜಿ ಓಣಿ ಬಿಟ್ಟು ನಡದ್ರು, ಹೊಲದ ಬದುವಿನ ಜಾಲಿಮುಳ್ಳು ತುಳದ್ರು, ಮುರಿಗೆಪ್ಪನವರು ತಮ್ಮ ಮನಸಿನ ಮಾತು ಯಾರ ಮುಂದ ತಗದ್ರು?”

ಮುರಿಗೆಪ್ಪ ಅವಳ ಮುಖ ನೋಡಿದ. ಒಂದು ವರ್ಷದಲ್ಲಿ ಅದೇ ಮೊದಲು ನೆಟ್ಟಗೆ ನೋಡಿದ್ದು. ಅವಳು ಬಡವಾಗಿದ್ದಳು. ಹಣೆಯ ಮೇಲಿನ ಕೂದಲಲ್ಲಿ ಒಂದೆಳೆ ಬೆಳ್ಳಗಾಗಿತ್ತು. ಅವಳಿಗೆ ಇಪ್ಪತ್ತೆರಡು ವರ್ಷ.

ನಾಲ್ಕನೆಯದು ದಾನಮ್ಮನ ಚಿಗವ್ವ, ಅಂದರೆ ತಾಯಿಯ ತಂಗಿ, ಶಿವಗಂಗವ್ವನ ಮನೆ. ಅಜ್ಜಾರು ಇದನ್ನು ತಿಳಿದೇ ಕಳಿಸಿದ್ದರೋ ಏನೋ, ನಾನು ಹೇಳಲಾರೆ.

ಶಿವಗಂಗವ್ವ ಒಳ್ಳೆಯ ಹೆಂಗಸು, ಬಾಯಿ ಜೋರು. ದಾನಮ್ಮನ ಗಂಡ ಕಾವಿ ಉಡಲು ಹೊರಟ ಸುದ್ದಿ ಅವಳಿಗೆ ಮುಟ್ಟಿತ್ತು. ಮಗಳಂಥವಳನ್ನು ಬಾಗಿಲಲ್ಲಿ ಕಂಡದ್ದೇ ಹೊಟ್ಟೆಯೊಳಗಿನ ಸಂಕಟವೆಲ್ಲ ಬೈಗುಳವಾಗಿ ಬಂತು. ಹೆತ್ತವಳಾಗಿ ಮೈ ಕಾದ ಕೂಸನ್ನು ಸಂಜೆಯ ತನಕ ಮಡಿಲಲ್ಲಿಟ್ಟುಕೊಂಡು ಕೂತೆಯಲ್ಲ, ಬೆಳಿಗ್ಗೆಯೇ ದವಾಖಾನೆಗೆ ಒಯ್ದಿದ್ದರೆ ಉಳಿಯುತ್ತಿತ್ತಲ್ಲ, ಈಗ ನೋಡು, ಪಾಪ, ಅಳಿಯ ಮನೆಯನ್ನೇ ಬಿಟ್ಟು ಹೊರಟ ಎಂದಳು.

“ಹೌದು ಚಿಗವ್ವ,” ಎಂದಳು ದಾನಮ್ಮ. “ನಂದ ತಪ್ಪು.”

ತಡವರಿಸದೆ ಹೇಳಿದಳು. ಹೇಳಿ ಹೇಳಿ ರೂಢಿಯಾದ ಮಾತು ಅದು. ತವರಿನಲ್ಲಿ, ನೆರೆಮನೆಯಲ್ಲಿ, ಮಾತಾಡಿಸಲು ಬಂದವರ ಎದುರಿಗೆ ಒಂದು ವರ್ಷದಿಂದ ಅವಳು ಹೇಳುತ್ತ ಬಂದದ್ದು ಇದನ್ನೇ. ಮುರಿಗೆಪ್ಪನ ಕಿವಿಗೆ ಅದು ಬಿದ್ದಿರಲಿಲ್ಲ. ಅವನು ಮಠದಲ್ಲಿ ಕಸ ಹೊಡೆಯುತ್ತಿದ್ದ.

ನಡೆದದ್ದು ಬೇರೆ. ಅವತ್ತು ಬೆಳಿಗ್ಗೆ ದಾನಮ್ಮ ಕೂಸನ್ನು ಶಾಲಿನಲ್ಲಿ ಸುತ್ತಿಕೊಂಡು ಮಗ್ಗದ ಹತ್ತಿರ ಬಂದು ನಿಂತಿದ್ದಳು. ಮುರಿಗೆಪ್ಪ ಸೆರಗು ನೇಯುತ್ತಿದ್ದ. ಸೆರಗನ್ನು ನಡುವೆ ಬಿಟ್ಟು ಎದ್ದರೆ ಮತ್ತೆ ಕೂತಾಗ ಕೈಯ ಬಿಗಿ ಬದಲಾಗುತ್ತದೆ, ಗೆರೆ ಬೀಳುತ್ತದೆ ಎಂದು ಅವನ ಹಟ. ಒಂದು ಗೇಣು ಉಳಿದಿದೆ, ಮುಗಿಸಿ ಹೋಗೋಣ ಎಂದ. ಅವಳು ಮೂರು ಸಲ ಬಂದು ನಿಂತಳು. ಮೂರು ಸಲವೂ ಅದನ್ನೇ ಹೇಳಿದ. ಆ ಗೇಣು ಸಂಜೆಗೆ ಮುಗಿಯಿತು. ಸೆರಗಿನಲ್ಲಿ ಒಂದು ಗೆರೆಯೂ ಇರಲಿಲ್ಲ. ದವಾಖಾನೆ ಮುಟ್ಟುವುದರೊಳಗೆ ಕೂಸು ಇರಲಿಲ್ಲ.

ಶಿವಗಂಗವ್ವ ಕಣ್ಣೊರೆಸಿಕೊಂಡು, ಆದದ್ದಾಯಿತು, ಒಳಗೆ ಬನ್ನಿ ಎಂದಳು. ಮುರಿಗೆಪ್ಪ ಬರಲಿಲ್ಲ. ಹೆಸರು ಹೇಳುವುದಿದೆ ಎಂದ. ನಿಮ್ಮದೇ ಮನೆ, ಈ ಹೊತ್ತಿನಲ್ಲಿ ಒಡಪೇನು ಬಂತು ಎಂದು ಅವಳು ಕೈಯಾಡಿಸಿದಳು. ಅವನು ಹೊಸ್ತಿಲಿನ ಆಚೆಯೇ ನಿಂತ.

“ಗೇಣು ಸೆರಗು ಉಳಿದಿತ್ತು ಮಗ್ಗದಾಗ, ಕೂಸು ಸುಡತಿತ್ತು ಅವ್ವನ ಮಗ್ಗಲದಾಗ...”

ಮುಂದಿನ ಸಾಲು ಕೂಡಲಿಲ್ಲ. ಪ್ರಾಸ ಬಿಟ್ಟು ಹೇಳಿದ.

“ತಡಿ ಅಂದಾಂವ ನಾನು, ಅತ್ತೀ. ಮೂರು ಸಲ ಅಂದೆ. ದಾನಮ್ಮಂದು ತಪ್ಪಿಲ್ಲ.”

ಅವಳ ಹೆಸರು ಹೇಳಿದ್ದೇ ತಡ ಅಲ್ಲಿಯೇ ಕೂತು ಅತ್ತ. ಮಣ್ಣು ಮಾಡಿದ ದಿನವೂ ಅಳದವನು ಅತ್ತ. ದಾನಮ್ಮ ವಿಭೂತಿ ಗಂಟನ್ನು ಕೆಳಗಿಟ್ಟು ಅವನ ಪಕ್ಕದಲ್ಲಿ ಕೂತಳು.

ಮರುದಿನ ಹೊಳೆಯ ಪಕ್ಕದ ದಾರಿಯಲ್ಲಿ ಅವನು ಕೇಳಿದ, ನನ್ನ ತಪ್ಪನ್ನು ನೀನು ಯಾಕೆ ಹೊತ್ತೆ ಎಂದು.

“ದವಾಖಾನಿ ಬಾಗಲದಾಗ ನಿಮ್ಮ ಮಾರಿ ನೋಡಿದ್ದೆ,” ಎಂದಳು ದಾನಮ್ಮ. “ಇನ್ನೊಂದು ಮಾತು ತಡಕೊಳ್ಳೂ ಹಂಗ ಇರಲಿಲ್ಲ. ನನಗರೆ ಅಳಾಕ ಅವ್ವ ಇದ್ದಳು. ನಿಮಗ ಯಾರಿದ್ದರು?”

ಸ್ವಲ್ಪ ದೂರ ನಡೆದ ಮೇಲೆ ಅವಳೇ ಕೇಳಿದಳು, ಹೊತ್ತ ಮೇಲೂ ನೀವು ನನ್ನ ಮುಖ ನೋಡಲಿಲ್ಲವಲ್ಲ, ಯಾಕೆ ಎಂದು. ಕೂಸನ್ನು ಎತ್ತಿಕೊಂಡು ನಾನೇ ಓಡಬೇಕಿತ್ತು, ಓಡಲಿಲ್ಲ ಎಂದು ನನ್ನ ಮೇಲೆ ನಿಮಗೂ ಸಿಟ್ಟಿದೆ ಅಂದುಕೊಂಡಿದ್ದೆ ಎಂದಳು. ಅವನು ಹೇಳಿದ, ನೋಡಿದರೆ ನಿಮ್ಮಿಂದಲೇ ಕೂಸು ಹೋಯಿತು ಎಂಬ ಮಾತು ನಿನ್ನ ಬಾಯಿಂದ ಬರುತ್ತದೆ ಎಂದು ಅಂಜಿದ್ದೆ, ಅದಕ್ಕೇ ಓಡಿ ಮಠ ಸೇರಿದೆ ಎಂದು. ಒಂದೇ ಸೂರಿನ ಕೆಳಗೆ ಇಬ್ಬರೂ ಇಷ್ಟು ದಿನ ಹೀಗೆ ಒಬ್ಬರಿಗೊಬ್ಬರು ಅಂಜಿ ಬದುಕಿದ್ದರು.

ಐದನೆಯ ಹೊಸ್ತಿಲಲ್ಲಿ ಏನು ಹೇಳಿದರೋ ತಿಳಿಯದು. ಆ ಮನೆಯವರು ಯಾರಿಗೂ ಹೇಳಲಿಲ್ಲ.

ಬಸ್ಸಿಳಿದು ಇಬ್ಬರೂ ನೇರ ಮಠಕ್ಕೆ ಬಂದರು. ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಮುರಿಗೆಪ್ಪ ಅಡ್ಡಬಿದ್ದು ಎದ್ದ. ಮೊದಲ ಮನೆಯಲ್ಲಿ ಮಾತು ಮುರಿದದ್ದನ್ನೂ ನಾಲ್ಕನೆಯ ಮನೆಯಲ್ಲಿ ನಡೆದದ್ದನ್ನೂ ಮುಚ್ಚಿಡದೆ ಹೇಳಿದ. ಅಜ್ಜಾರು ಕೇಳಿಸಿಕೊಂಡರು.

ಇನ್ನು ಮನೆಗೆ ಹೋಗುತ್ತಾನೆ ಎಂದು ಯಾರಾದರೂ ಅಂದುಕೊಳ್ಳಬೇಕು. ಅವನು ಹಾಗೆ ಮಾಡಲಿಲ್ಲ.

“ಅಜ್ಜಾರ, ಇಂಥಾಕಿ ಜೋಡಿ ಬಾಳೂ ಯೋಗ್ಯತಾ ನನಗಿಲ್ಲ,” ಎಂದು ಕೈ ಚಾಚಿದ. “ಕಾವಿ ಕೊಡ್ರಿ. ಅದರಾಗ ಸವದು ಹೋಗ್ತೀನಿ.”

ಅಜ್ಜಾರು ದಾನಮ್ಮನ ಕಡೆ ತಿರುಗಿದರು. ನೀನು ಮೊದಲೇ ಒಪ್ಪಿದ್ದೀಯಲ್ಲ ತಂಗಿ ಎಂದರು.

“ಈಗ ಒಪ್ಪಂಗಿಲ್ರಿ.”

“ಯಾಕವ್ವ?”

ದಾನಮ್ಮನ ಗಲ್ಲದ ಮೇಲೆ ಕಣ್ಣೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

“ಇವರು ಲಾಳಿ ಹೊಡದಾಗೊಮ್ಮೆ ಕೂಸು ತೊಟ್ಟಲದಾಗ ಕಾಲು ಬಡೀತಿತ್ರಿ. ಸಪ್ಪಳ ನಿಂತ್ರ ತಾನೂ ನಿಂದ್ರತಿತ್ತು. ಅದನ್ನ ಕಂಡವರು ನಾವು ಇಬ್ಬರ. ಇವರು ಹ್ವಾದ್ರ ನಾ ಯಾರ ಕೂಡ ಅದರ ಮಾತು ಆಡ್ಲಿ?”

ಮುರಿಗೆಪ್ಪ ತಲೆ ತಗ್ಗಿಸಿದ. ಆದರೂ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅಜ್ಜಾರು ಆ ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದರು.

“ಕಾವಿ ಉಟ್ಟಾಂವಗ ಮಕ್ಕಳಿರಂಗಿಲ್ಲ, ತಮ್ಮಾ. ಬದುಕಿದ್ದೂ ಇರಂಗಿಲ್ಲ, ಸತ್ತದ್ದೂ ಇರಂಗಿಲ್ಲ. ನಿನಗ ಮಗಳದಾಳ.”