ಸಿಂಗಾಪುರದಲ್ಲಿ ಗುಡ್ಡಪ್ಪನ ಒಂದೂವರೆ ದಿನ

ಬ್ಯಾಡಗಿಯಲ್ಲಿ ದ್ಯಾಮವ್ವ ಅಂತ ಒಬ್ಬಳು, ಅವಳಿಗೆ ಗುಡ್ಡಪ್ಪ ಅಂತ ಒಬ್ಬನೇ ಮಗ. ಹೇಳಿದ ಮಾತು ಮೀರದ ಮಗ ಹುಟ್ಟಲಿ ಅಂತ ಊರ ತಾಯಂದಿರೆಲ್ಲ ಹರಕೆ ಹೊರುತ್ತಾರೆ. ದ್ಯಾಮವ್ವನಿಗೆ ಅಂಥವನೇ ಹುಟ್ಟಿದ್ದ. ಅದಕ್ಕೇ ಅವಳು ಹಣೆ ಬಡಿದುಕೊಳ್ಳುತ್ತಿದ್ದಳು.

ಒಂದು ದಿನ ಅಂಗಳದಲ್ಲಿ ಜೋಳ ಹರವಿ, "ಮಳಿ ಬಂದ್ರ ಒಳಗ ತುಂಬೋ ಮಗನ" ಅಂತ ಹೇಳಿ ಸಂತೆಗೆ ಹೋದಳು. ಬಂದು ನೋಡಿದರೆ ಅಂಗಳದ ತುಂಬ ಆಡು. ಜೋಳ ಒಂದು ಕಾಳಿಲ್ಲ. ಗುಡ್ಡಪ್ಪ ಕಟ್ಟೆ ಮೇಲೆ ಕೂತು ಮುಗಿಲು ನೋಡುತ್ತಿದ್ದ.

"ಆಡು ಬಂದದ್ದು ಕಾಣಲಿಲ್ಲೇನೋ?"

"ಕಂಡ್ವು. ಮಳಿ ಬರಲಿಲ್ಲಬೇ."

ಕೊನೆಗೆ ದ್ಯಾಮವ್ವ ರಾಣೆಬೆನ್ನೂರಿನ ಲಾರಿ ಮಾಲೀಕರ ಮಗಳು ಕಸ್ತೂರಿಯನ್ನು ತಂದು ಮದುವೆ ಮಾಡಿದಳು. ಅಕ್ಕಿಕಾಳು ಬಿದ್ದ ಮರುದಿನವೇ ಸೊಸೆಯ ಕೈ ಹಿಡಿದು, "ನಾ ಹೇಳಿ ಹೇಳಿ ಸೋತೆ ತಂಗಿ, ಇನ್ನ ನೀ ಹೇಳು" ಅಂದಳು.

"ಹೇಳೋ ರೀತೀಲೆ ಹೇಳಿದ್ರ ಕಲ್ಲೂ ಕೇಳ್ತೈತಿ ಬಿಡ್ರಿ ಅತ್ತಿ" ಅಂದಳು ಕಸ್ತೂರಿ. ಮೊದಲ ವರ್ಷ ಎಲ್ಲ ಸೊಸೆಯಂದಿರೂ ಹೀಗೇ ಅನ್ನುತ್ತಾರೆ.

ಈ ಕಸ್ತೂರಿಗೆ ಸೀರೆಯ ಆಸೆ ಇರಲಿಲ್ಲ, ಬಂಗಾರದ ಆಸೆ ಇರಲಿಲ್ಲ. ಅವಳ ಆಸೆ ಒಂದೇ, ಮನೆಗಾಡಿ. ಒಳಗೇ ಹಾಸಿಗೆ, ಒಳಗೇ ಒಲೆ, ಒಳಗೇ ಬಚ್ಚಲು ಇರೋ ದೊಡ್ಡ ಗಾಡಿ. ನ್ಯೂಜಿಲೆಂಡಿನಲ್ಲಿ ಬಾಡಿಗೆಗೆ ಸಿಗುತ್ತದೆ, ಹೆಂಗಸರೂ ಓಡಿಸುತ್ತಾರೆ ಅಂತ ಮೊಬೈಲಿನಲ್ಲಿ ನೋಡಿದ ದಿನದಿಂದ ಅವಳಿಗೆ ಅದೇ ಕನಸು. ಮೆಣಸಿನಕಾಯಿ ಚೀಲದ ಟೆಂಪೋ ಓಡಿಸಿದ ಕೈ ಅವಳದು, ಭಯ ಇರಲಿಲ್ಲ. ಗುಡ್ಡಪ್ಪನಿಗೆ ಮಾತ್ರ ಲೈಸೆನ್ಸಿಲ್ಲ. ಪರೀಕ್ಷೆಯ ದಿನ ಸಾಹೇಬರು ಕೆಳಗೆ ನಿಂತು "ಸೀದಾ ಹೋಗು" ಅಂದಿದ್ದರು. ತಿರುಗು ಅನ್ನಲಿಲ್ಲ. ಮೋಟೆಬೆನ್ನೂರಿನಿಂದ ಕರೆತರಬೇಕಾಯಿತು.

ಹನ್ನೊಂದು ವರ್ಷ ಕಾದು ಕಸ್ತೂರಿ ಹದಿನೆಂಟು ದಿನಕ್ಕೆ ಮನೆಗಾಡಿ ಗೊತ್ತು ಮಾಡಿದಳು. ಹೊರದೇಶದಲ್ಲಿ ಗಾಡಿ ಓಡಿಸೋಕೆ ಹಾವೇರಿಯ ಸಾರಿಗೆ ಕಚೇರಿಯಲ್ಲಿ ಒಂದು ಬೂದು ಬಣ್ಣದ ಪರ್ಮಿಟ್ ಪುಸ್ತಕ ಮಾಡಿಸಿದಳು. ಅದಿಲ್ಲದೆ ಗಾಡಿಯ ಕೀಲಿ ಕೊಡೋದಿಲ್ಲ ಅಂತ ಕಂಪನಿಯವರು ಬರೆದಿದ್ದರು. ಹೇಳಿದ ದಿನ ಮುಟ್ಟದಿದ್ದರೆ ಗಾಡಿ ಬೇರೆಯವರ ಪಾಲು ಅಂತಲೂ ಬರೆದಿದ್ದರು. ಹೋಗುವ ದಾರಿಯಲ್ಲಿ ಸಿಂಗಾಪುರ. ಅಲ್ಲಿ ಒಂದೂವರೆ ದಿನ ನಿಂತು, ದಣಿವಾರಿಸಿಕೊಂಡು, ಮುಂದಿನ ವಿಮಾನ ಹಿಡಿಯಬೇಕು. ಇಷ್ಟೇ.

ಸಿಂಗಾಪುರದಲ್ಲಿ ಇಳಿದವರು ಮೊದಲು ಊಟಕ್ಕೆ ಹೋದರು. ದೊಡ್ಡ ಸೂರು, ಸುತ್ತ ಊಟದ ಅಂಗಡಿ, ನಡುವೆ ನೂರಾರು ಮೇಜು, ಜನವೋ ಜನ. ಕಸ್ತೂರಿ ಅನ್ನ ತರೋಕೆ ಸಾಲಿನಲ್ಲಿ ನಿಂತಳು. "ನೀವು ಖಾಲಿ ಮೇಜು ನೋಡಿ ಕುಂದರ್ರಿ" ಅಂದಳು.

ಒಂದು ಮೇಜು ಖಾಲಿ ಇತ್ತು. ಮೇಲೆ ಒಂದು ಸಣ್ಣ ಕಾಗದದ ಕರವಸ್ತ್ರದ ಪೊಟ್ಟಣ. ಗುಡ್ಡಪ್ಪ ಕೂತ, ಪೊಟ್ಟಣ ಬಿಚ್ಚಿದ, ಮುಖ ಒರೆಸಿದ, ಕುತ್ತಿಗೆ ಒರೆಸಿದ, ಮೇಜನ್ನೂ ಒರೆಸಿದ. ಅಷ್ಟರಲ್ಲಿ ಊಟದ ತಟ್ಟೆ ಹಿಡಿದ ನಾಲ್ಕು ಜನ ಬಂದು ತಲೆ ಮೇಲೆ ನಿಂತರು. ಪಕ್ಕದ ತಮಿಳು ಅಜ್ಜಿ ನಕ್ಕು, ಅನ್ನ ಹಿಡಿದು ಬಂದ ಕಸ್ತೂರಿಗೆ ಕೈಸನ್ನೆಯಲ್ಲೇ ತಿಳಿಸಿದಳು. ಈ ಊರಲ್ಲಿ ಪೊಟ್ಟಣ ಇಟ್ಟರೆ ಜಾಗ ಹಿಡಿದ ಹಾಗೆ.

"ಅಯ್ಯ ನಿಮ್ಮ, ಮಂದಿ ಜಾಗದಾಗ ಕುಂತು ಮಂದಿ ಕಾಗದಾನ ಮಾರಿಗೆ ಒರಿಸ್ಕೊಂಡೀರಲ್ರಿ."

"ಖಾಲಿ ಮೇಜು ಅಂತ ನೀನ ಹೇಳಿದ್ದಿ ಅಲ್ಲ?"

"ಇದು ನಮ್ಮ ಬಸ್ಸಿನಾಗ ಕಿಡಕ್ಯಾಗಿಂದ ಟವೆಲ್ ಒಗೀತಾರಲ್ಲ, ಹಂಗ. ಟವೆಲ್ ಯಾರದೋ ಸೀಟು ಅವರದು. ಇನ್ನ ಜಾಗ ಬೇಕಂದ್ರ ಮೊದಲ ಟವೆಲ್ ಹಾಕ್ರಿ."

ಗುಡ್ಡಪ್ಪ ಹೂಂ ಅಂದ. ಮಾತನ್ನು ಮನಸ್ಸಿನಲ್ಲಿ ಗಂಟು ಕಟ್ಟಿಕೊಂಡ.

ಊಟ ಮುಗಿಸಿ ರೈಲಿಗೆ ಹೋದರು. ರೈಲು ಬಂತು, ಬಾಗಿಲು ತೆರೆಯಿತು, ಒಳಗೆ ಎರಡು ಸೀಟು ಖಾಲಿ ಕಂಡವು. ಗುಡ್ಡಪ್ಪ ಹೆಗಲ ಮೇಲಿನ ಟವೆಲ್ ತೆಗೆದ, ಗುರಿ ನೋಡಿ ಒಗೆದ. ಸರಿಯಾಗಿ ಸೀಟಿನ ಮೇಲೆ ಬಿತ್ತು. ಆಮೇಲೆ ಹೊರಗೇ ನಿಂತು, ಕೈ ಕಟ್ಟಿಕೊಂಡು, ನಿಶ್ಚಿಂತೆಯಿಂದ ಸುತ್ತ ನೋಡಿದ. ನಮ್ಮೂರ ಬಸ್ಸಾದರೆ ಟವೆಲ್ ಬಿದ್ದ ಮೇಲೂ ಅರ್ಧ ತಾಸು ನಿಲ್ಲುತ್ತದೆ, ಡ್ರೈವರು ಚಹಾ ಕುಡಿಯಬೇಕಲ್ಲ. ಈ ರೈಲಿಗೆ ಡ್ರೈವರೂ ಇಲ್ಲ, ಚಹಾವೂ ಇಲ್ಲ. ಬಾಗಿಲು ಮುಚ್ಚಿತು. ಟವೆಲ್ ಕೂತುಕೊಂಡು ಹೋಯಿತು.

"ರೀ, ರೈಲು ಹೋತಲ್ರಿ."

"ಹೋಗಲಿ ಬಿಡು. ಸೀಟು ನಮ್ಮದ ಐತಿ."

"ಎಲ್ಲೈತಿ ಆ ಸೀಟು?"

ಗುಡ್ಡಪ್ಪ ಸುರಂಗದ ಕಡೆ ಬೆರಳು ತೋರಿಸಿದ.

"ನನ್ನ ಹಣೇಬರಹ. ಕೇಳ್ರಿಲ್ಲಿ. ಟವೆಲ್ ಅಲ್ಲ ಹತ್ತೋದು, ನೀವು ಹತ್ತಬೇಕು. ಗಾಡಿ ಬಂತು ಅಂದ್ರ ಮೊದಲ ಹತ್ತಿ ಕುಂದರ್ರಿ. ಕುಂತ ಮ್ಯಾಲೆ ನಾ ಇಳೀರಿ ಅನ್ನೋ ತನಕ ಇಳೀಬ್ಯಾಡ್ರಿ."

ಗುಡ್ಡಪ್ಪ ಹೂಂ ಅಂದ.

ಮುಂದಿನ ರೈಲು ಹಿಡಿದು ಪೇಟೆಗೆ ಬಂದರು. ಕಸ್ತೂರಿಗೆ ಬಾಯಾರಿತ್ತು, ನೀರು ತರೋಕೆ ಅಂಗಡಿಗೆ ಹೋದಳು. ಅಷ್ಟರಲ್ಲಿ ಬಂತು ಒಂದು ಬಸ್ಸು, ಎರಡು ಅಂತಸ್ತಿನದು, ಮೇಲೆ ಸೂರಿಲ್ಲದ್ದು. ಪ್ರವಾಸಿಗಳನ್ನು ಹತ್ತಿಸಿಕೊಂಡು ಊರು ತೋರಿಸೋ ಬಸ್ಸು. ಗಾಡಿ ಬಂತು. ಗುಡ್ಡಪ್ಪ ಹತ್ತಿದ. ನೂಕುನುಗ್ಗಲಿನಲ್ಲಿ ಯಾರೂ ಟಿಕೆಟ್ ಕೇಳಲಿಲ್ಲ. ಮೇಲೆ ಹೋಗಿ ಮುಂದಿನ ಸೀಟಿನಲ್ಲಿ ಕೂತ.

ಕಸ್ತೂರಿ ನೀರಿನ ಬಾಟಲಿ ಹಿಡಿದು ಬಂದಳು. ಗಂಡ ಎಲ್ಲಿ? ಗಂಡ ಆಕಾಶದಲ್ಲಿ, ಹೊರಟೇ ಹೋದ.

ಮುಕ್ಕಾಲು ತಾಸಿಗೆ ಬಸ್ಸು ಊರು ಸುತ್ತಿ ಅಲ್ಲಿಗೇ ಬಂತು. ಗುಡ್ಡಪ್ಪ ಮೇಲಿಂದ ಕೈ ಬೀಸಿದ.

"ಎಲ್ಲಿ ಹೊಂಟೀರಿ? ತಲಿ ಐತೋ ಇಲ್ಲೋ?" ಅಂತ ಕೂಗಿದಳು ಕಸ್ತೂರಿ.

"ಐತಿ" ಅಂದ ಗುಡ್ಡಪ್ಪ. ಬಸ್ಸು ಹೋಯಿತು.

ಎರಡನೇ ಸುತ್ತು ಬಂತು. "ನಾ ಇಲ್ಲಿ ಬಿಸಲಾಗ ಸಾಯಾಕ್ಹತ್ತೀನಿ, ನೀವು ಗಾಳಿ ತಗೋತೀರಿ?" ಅಂತ ಕೂಗಿದಳು.

"ಮ್ಯಾಲೆ ಛಲೋ ಗಾಳಿ ಐತಿ" ಅಂದ. ಬಸ್ಸು ಹೋಯಿತು.

ಬೈಗುಳ ಎಲ್ಲ ಬಂದವು ಅವಳ ಬಾಯಿಗೆ, ಬೇಕಾದ ಒಂದು ಮಾತು ಬಿಟ್ಟು. ಮೂರನೇ ಸುತ್ತಿಗೆ ಅದೂ ನೆನಪಾಯಿತು. "ಇಳೀರಿ" ಅಂದಳು. ಗುಡ್ಡಪ್ಪ ತಕ್ಷಣ ಇಳಿದ. ಬಸ್ಸು ಕೆಂಪು ದೀಪಕ್ಕೆ ನಡುರಸ್ತೆಯಲ್ಲಿ ನಿಂತಿತ್ತು, ಅಲ್ಲೇ ಇಳಿದ. ಬಸ್ಸಿನವನು ಕಿಟಕಿಯಿಂದ ಬೈದ ಮಾತು ಯಾವ ಭಾಷೆಯೋ ಏನೋ, ಅರ್ಥ ಮಾತ್ರ ಚೆನ್ನಾಗಿ ಆಯಿತು. ಕಸ್ತೂರಿ ಕೈ ಮುಗಿದಳು.

ಲೆಕ್ಕ ಹಾಕಿದರೆ ಗುಡ್ಡಪ್ಪ ಸಿಂಗಾಪುರವನ್ನು ಮೂರು ಸಲ ನೋಡಿದ್ದ. ಕಸ್ತೂರಿ ಒಂದು ಬಸ್‌ಸ್ಟಾಪನ್ನು ಎರಡೂಕಾಲು ತಾಸು ನೋಡಿದ್ದಳು.

"ಟಿಕೀಟಿಲ್ಲ, ಏನಿಲ್ಲ, ಅದು ಯಾರ ಬಸ್ಸು, ನಿಮ್ಮಪ್ಪಂದೇನು? ಮೈತುಂಬ ಕಂಪನಿ ಹೆಸರು ಬರದೈತಿ, ಓದಾಕ ಬರೂದಿಲ್ಲೇನು? ಯಾವ ಸಾಮಾನ ಇರಲಿ, ಹೆಸರು ನೋಡ್ರಿ. ಯಾರ ಹೆಸರೈತೋ ಅದು ಅವರದು. ಅವರಿಗೇ ಮುಟ್ಟಬೇಕು. ತಿಳೀತಿಲ್ಲೋ?"

"ತಿಳೀತು" ಅಂದ ಗುಡ್ಡಪ್ಪ. ನಿಜವಾಗಿಯೂ ತಿಳಿದಿತ್ತು. ಅದೇ ತೊಂದರೆ.

ಮರುದಿನ ಮಧ್ಯಾಹ್ನ ವಿಮಾನ ನಿಲ್ದಾಣಕ್ಕೆ ಬಂದರು. ಎಲ್ಲ ತಪಾಸಣೆ ಮುಗಿಸಿ ಒಳಗೆ ಕೂತರು. ಇನ್ನು ವಿಮಾನ ಹತ್ತುವುದೊಂದೇ ಬಾಕಿ. ಕಸ್ತೂರಿಗೆ ಜೀವ ಬಂದಂತಾಯಿತು. ತನ್ನ ಕೈಚೀಲ ಗಂಡನ ಮಡಿಲಲ್ಲಿಟ್ಟು ಬಚ್ಚಲಿಗೆ ಹೋದಳು.

ಗುಡ್ಡಪ್ಪ ಸುಮ್ಮನೆ ಕೂರುವವನಲ್ಲ. ಚೀಲ ಬಿಚ್ಚಿ ಒಂದೊಂದೇ ಸಾಮಾನಿನ ಹೆಸರು ಓದಿದ. ಬಾಚಣಿಗೆಗೆ ಹೆಸರಿಲ್ಲ, ಒಳಗಿಟ್ಟ. ಎರಡು ಶೇಂಗಾ ಹೋಳಿಗೆ ಇಟ್ಟಿದ್ದ ಸ್ಟೀಲ್ ಡಬ್ಬಿ ತೆಗೆದ. ಮುಚ್ಚಳದ ಮೇಲೆ ಕೊರೆಸಿತ್ತು: ರತ್ನವ್ವ, ರಾಣೆಬೆನ್ನೂರು. ಮದುವೆಯಲ್ಲಿ ಪಾತ್ರೆ ಉಡುಗೊರೆ ಕೊಡುವವರು ತಮ್ಮ ಹೆಸರು ಕೊರೆಸಿಯೇ ಕೊಡುತ್ತಾರೆ, ಕೊಟ್ಟದ್ದು ಮರೆಯಬಾರದು ಅಂತ. ಗುಡ್ಡಪ್ಪನಿಗೆ ಮೈ ಜುಂ ಅಂದಿತು. ಹನ್ನೊಂದು ವರ್ಷದಿಂದ ರತ್ನವ್ವನ ಡಬ್ಬಿ ನಮ್ಮನೆಯಲ್ಲಿದೆ. ಆಮೇಲೆ ಬೂದು ಪುಸ್ತಕ ತೆಗೆದ. ಸಾರಿಗೆ ಕಚೇರಿ, ಹಾವೇರಿ ಅಂತ ದುಂಡನೆಯ ಮುದ್ರೆ. ಸರ್ಕಾರದ್ದನ್ನೂ ಬಿಟ್ಟಿಲ್ಲ ಇವಳು.

ಎದುರಿನ ಸಾಲಿನಲ್ಲಿ ಬೆಂಗಳೂರಿನ ವಿಮಾನಕ್ಕೆ ಕಾದಿದ್ದ ಒಬ್ಬರು ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದರು. ಗುತ್ತಲದ ಚನ್ನಬಸಪ್ಪ. ನಮ್ಮ ಕಡೆಯವರು ಬಸ್ಸಿನಲ್ಲಿ ಯಾರು ಏನು ಕೊಟ್ಟರೂ ಒಯ್ದು ಮುಟ್ಟಿಸುತ್ತಾರೆ, ಯಾಕೆ ಏನು ಕೇಳೋದಿಲ್ಲ. ಅವರೂ ಕೇಳಲಿಲ್ಲ.

ಕಸ್ತೂರಿ ಬಂದು ಚೀಲ ಎತ್ತಿದಳು. ಹಗುರ.

"ಡಬ್ಬಿ ಎಲ್ರಿ?"

"ರತ್ನವ್ವಗ ಕಳಿಸೀನಿ."

"ಪುಸ್ತಕ?"

"ಹಾವೇರಿಗೆ" ಅಂದ, ಬೆಂಗಳೂರಿನ ಸಾಲಿಗೆ ಎದ್ದು ಹೋದ ಚನ್ನಬಸಪ್ಪನವರ ಕಡೆ ಬೆರಳು ತೋರಿಸಿ.

ಕಸ್ತೂರಿ ಬೈಯಲಿಲ್ಲ, ಓಡಿದಳು. ಬೆಂಗಳೂರಿನ ಸಾಲು ಕರಗುತ್ತಿತ್ತು, ಕೊನೆಯಲ್ಲಿ ಚನ್ನಬಸಪ್ಪ ನಿಂತಿದ್ದರು, ಬಾಯಿ ಆಡುತ್ತಿತ್ತು.

"ಯಣ್ಣಾ, ಆ ಪುಸ್ತಕ ನಂದ್ರಿ, ನಮ್ಮವರು ತಪ್ಪಿ ಕೊಟ್ಟಾರ."

"ತಗೋ ತಂಗಿ" ಅಂತ ಪುಸ್ತಕ ಕೊಟ್ಟರು. ಡಬ್ಬಿ ಕೊಡೋಕೆ ಮಾತ್ರ ನಾಚಿದರು. "ಶೇಂಗಾ ಹೋಳಿಗಿ ಘಮ್ ಅಂದ್ವು. ಎರಡೂ ತಿಂದುಬಿಟ್ಟೀನಿ. ಖಾಲಿ ಡಬ್ಬಿ ಕೊಡಬಾರದು, ತಡಿ" ಅಂತ ಜೇಬಿನಿಂದ ನಾಲ್ಕು ಚಾಕಲೇಟು ಹಾಕಿ ಕೊಟ್ಟರು.

ಕಸ್ತೂರಿ ಬೂದು ಪುಸ್ತಕವನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡಳು. ಆಮೇಲೆ ಗಂಡನ ಪಾಸ್‌ಪೋರ್ಟು, ವಿಮಾನದ ಚೀಟಿ ಎರಡನ್ನೂ ಅವನ ಕೈಯಲ್ಲಿಟ್ಟು, ಆ ಕೈಯನ್ನು ಅವನ ಎದೆಗೆ ಒತ್ತಿದಳು.

"ಇದರ ಮ್ಯಾಲೂ ಸರ್ಕಾರದ ಹೆಸರೈತಿ. ಓದಬ್ಯಾಡ್ರಿ. ಗಟ್ಟಿ ಹಿಡೀರಿ. ಯಾರು ಕೇಳಿದ್ರೂ ಕೊಡಬ್ಯಾಡ್ರಿ. ಪೊಲೀಸ್ರು ಕೇಳಲಿ, ಮನಿದೇವರು ಇಳದು ಬಂದು ಕೇಳಲಿ, ನಾನ ಬಂದು ಕೇಳಲಿ, ಕೊಡಬ್ಯಾಡ್ರಿ."

ಗುಡ್ಡಪ್ಪ ಹೂಂ ಅಂದ.

ನ್ಯೂಜಿಲೆಂಡಿನ ವಿಮಾನದ ಬಾಗಿಲು ತೆರೆಯಿತು. ಕಸ್ತೂರಿ ಮುಂದೆ ಹೋಗಿ ಚೀಟಿ ಕೊಟ್ಟು ಒಳಗೆ ದಾಟಿದಳು. ಹಿಂದೆ ಗುಡ್ಡಪ್ಪ. ಬಾಗಿಲಲ್ಲಿ ನಿಂತ ಹುಡುಗಿ ಕೈ ಚಾಚಿದಳು. ಗುಡ್ಡಪ್ಪ ಕೊಡಲಿಲ್ಲ. ಅವಳ ಮೇಲಿನವನು ಬಂದು ಕೇಳಿದ. ಕೊಡಲಿಲ್ಲ. ಕಸ್ತೂರಿ ತಿರುಗಿ ಬಂದಳು.

"ಕೊಡ್ರಿ ಅವರಿಗೆ."

ಗುಡ್ಡಪ್ಪ ಇನ್ನೂ ಗಟ್ಟಿ ಹಿಡಿದ.

"ನಾ ಕೇಳಾಕ್ಹತ್ತೀನಲ್ರಿ, ನನ್ನ ಕೈಯಾಗರ ಕೊಡ್ರಿ."

ಗುಡ್ಡಪ್ಪ ಹೆಂಡತಿಯ ಮುಖವನ್ನು ಹೆಮ್ಮೆಯಿಂದ ನೋಡಿದ. "ಹಿಂಗ ಕೇಳ್ತೀನಿ ಅಂತ ಗೊತ್ತಿದ್ದ ಮೊದಲ ಹೇಳಿಟ್ಟಿ ನೋಡು. ಶಾಣ್ಯಾಕಿ ನೀ."

"ಆವಾಗ ಹೇಳಿದ್ದು ಬಿಡ್ರಿ. ಈಗ ಹೇಳಿದ್ದು ಕೇಳ್ರಿ."

"ಮನಿದೇವರು ಹೇಳಿದ್ರೂ ಇಲ್ಲ."

ಕಸ್ತೂರಿ ಎಳೆದಳು. ಗುಡ್ಡಪ್ಪನದೂ ಮೆಣಸಿನಕಾಯಿ ಚೀಲ ಎತ್ತಿದ ಕೈ, ಒಂದು ಬೆರಳೂ ಸಡಿಲಾಗಲಿಲ್ಲ. ಬಾಗಿಲು ಮುಚ್ಚುವ ಹೊತ್ತಾಯಿತು, ನೀವಾದರೂ ಬರುತ್ತೀರಾ ಇಲ್ಲವಾ ಅಂತ ಹುಡುಗಿ ಕಸ್ತೂರಿಯನ್ನು ಕೇಳಿದಳು. ಕಸ್ತೂರಿ ಗಂಡನನ್ನು ನೋಡಿದಳು. ಬಾಗಿಲನ್ನು ನೋಡಿದಳು. ಕುಪ್ಪಸದೊಳಗಿನ ಪುಸ್ತಕ ಎದೆಗೆ ಒತ್ತುತ್ತಿತ್ತು.

"ಹಂಗಾದ್ರ ಒಂದು ಕೆಲಸ ಮಾಡ್ರಿ" ಅಂದಳು, ಬಹಳ ಮೆತ್ತಗೆ. "ಆ ಬೆಂಚಿನ ಮ್ಯಾಲೆ ಕುಂದರ್ರಿ. ನಾ ತಿರುಗಿ ಬರೋ ತನಕ ಏಳಬ್ಯಾಡ್ರಿ."

"ಹೂಂ" ಅಂದ ಗುಡ್ಡಪ್ಪ, ಹೋಗಿ ಕೂತ. ಕಸ್ತೂರಿ ಹೋದಳು. ತಿರುಗಿ ನೋಡಿದಳಂತೆ, ಒಂದು ಸಲ.

ವಿಮಾನ ಹಾರಿತು. ಜನ ಖಾಲಿಯಾದರು. ನೆಲ ಒರೆಸುವವಳು ಬಂದು ಅವನ ಕಾಲಿನ ಸುತ್ತ ಒರೆಸಿ ಹೋದಳು. ಆಮೇಲೆ ನಿಲ್ದಾಣದ ಅಧಿಕಾರಿಯೊಬ್ಬ ಬಂದ. ಅಲ್ಪ ಸ್ವಲ್ಪ ಕನ್ನಡ ಬಲ್ಲ ತಮಿಳಿನವನು. ಪಾಸ್‌ಪೋರ್ಟ್ ಕೇಳಿದ. ಗುಡ್ಡಪ್ಪ ಕೊಡಲಿಲ್ಲ. ಏಳಿ ಅಂದ. ಏಳಲಿಲ್ಲ.

"ನನ್ನ ಹೆಂಡ್ತಿ ಬರೋ ತನಕ ಏಳಂಗಿಲ್ರಿ" ಅಂದ.

"ಸರಿ, ಅವರು ಬರೋ ತನಕ ನಾನೂ ಇಲ್ಲೇ ಇರ್ತೀನಿ. ಎಷ್ಟು ಹೊತ್ತಾಗತ್ತೆ?"

ಗುಡ್ಡಪ್ಪ ಎಡಗೈ ಬೆರಳು ಮಡಚಿ ಮಡಚಿ ಎಣಿಸಿದ. ಬಲಗೈ ಪಾಸ್‌ಪೋರ್ಟ್ ಬಿಡಲಿಲ್ಲ.

"ಹದಿನೆಂಟು ದಿನ" ಅಂದ, ಪಕ್ಕಕ್ಕೆ ಸರಿದು ಜಾಗ ಬಿಟ್ಟ. "ಅಲ್ಲೀ ತನಕ ನಿಂತರ ಕಾಲು ನೋಯ್ತಾವ. ಕುಂದರ್ರಿ."