ಆಮೆಯ ಕತ್ತು, ಕೋಳಿಯ ಹಾಳೆ

ಇಂಗ್ಲಿಷ್ ಪರೀಕ್ಷೆಯ ದಿನ ಆಮೆ ಮತ್ತು ಕೋಳಿ ಅಕ್ಕಪಕ್ಕದ ಬೆಂಚಿನಲ್ಲಿ ಕೂತಿದ್ದವು. ಹೋದ ವರ್ಷ ಆಮೆ ಇಂಗ್ಲಿಷಿನಲ್ಲೇ ಫೇಲಾಗಿತ್ತು. ಈ ಸಲವೂ ಹೋದರೆ ಮತ್ತೆ ಅದೇ ಕ್ಲಾಸು. ಆದರೆ ಗೆಳೆಯನಿಗೆ ಪತ್ರ ಬರೆಯುವ ಪ್ರಶ್ನೆ ಬಂದಿತ್ತು, ಅದು ಆಮೆಗೆ ಚೆನ್ನಾಗಿ ಬರುತ್ತಿತ್ತು. ಅರ್ಧ ಪುಟ ಮುಗಿಸುವಷ್ಟರಲ್ಲಿ ಪಕ್ಕದಲ್ಲಿ ಕೋಳಿಯ ಪೆನ್ನು ಪರಪರ ಕೆರೆಯುವ ಸದ್ದು ನಿಂತಿತು.

“ಸಾರ್, ಅಡಿಷನಲ್ ಶೀಟ್,” ಎಂದಿತು ಕೋಳಿ.

ಮೇಲ್ವಿಚಾರಕ ಕೊಕ್ಕರೆ ಸದ್ದಿಲ್ಲದೆ ಕಾಲೆತ್ತಿಡುತ್ತಾ ಬಂದು ಹಾಳೆ ಕೊಟ್ಟಿತು. ನನ್ನದಿನ್ನೂ ಮೊದಲ ಪುಟವೇ ತುಂಬಿಲ್ಲವಲ್ಲ ಎಂದು ಆಮೆಯ ಕತ್ತು ಅರ್ಧ ಒಳಕ್ಕೆ ಸರಿಯಿತು. ಕೋಳಿ ಮತ್ತೊಂದು ಹಾಳೆ ಕೇಳಿತು. ಕತ್ತು ಪೂರ್ತಿ ಒಳಗೆ ಹೋಯಿತು. ಚಿಪ್ಪಿನ ಕತ್ತಲಲ್ಲಿ ಪ್ರಶ್ನೆಯೂ ಕಾಣಲಿಲ್ಲ, ಕಲಿತ ಇಂಗ್ಲಿಷೂ ನೆನಪಾಗಲಿಲ್ಲ. ಕೊನೆಯ ಗಂಟೆ ಮಾತ್ರ ಕೇಳಿಸಿತು.

ಹೊರಗೆ ಬಂದ ಮೇಲೆ ಆಮೆ, “ಅಷ್ಟೊಂದು ಏನು ಬರೆದೆ?” ಎಂದು ಕೇಳಿತು.

“ಏನು ಬರೆಯಲಿ? ಪೇಪರು ಸಿಕ್ಕಿದ ತಕ್ಷಣ ನೀನು ತಲೆ ಬಗ್ಗಿಸಿ ಶುರು ಮಾಡಿದೆ. ಅದನ್ನು ನೋಡಿಯೇ ನನಗೆ ಗೊತ್ತಿದ್ದದ್ದೂ ಮರೆತುಹೋಯಿತು. ಸುಮ್ಮನೆ ಕೂರಲು ಹೆದರಿ ಪ್ರಶ್ನೆಗಳನ್ನೇ ಮತ್ತೆ ಮತ್ತೆ ನಕಲು ಮಾಡಿದೆ. ಆಮೇಲೆ ನೀನು ಕತ್ತು ಒಳಗೆಳೆದುಕೊಂಡು ಯೋಚಿಸತೊಡಗಿದಾಗಂತೂ ನನ್ನ ಜೀವವೇ ಹೋಯಿತು. ಕೊನೆಗೆ ನೀನೇನು ಬರೆದೆ, ಹೇಳು.”

ಆಮೆಯ ಕತ್ತು ಮೆಲ್ಲಗೆ ಮತ್ತೆ ಒಳಗೆ ಹೋಯಿತು.

ಚಿಪ್ಪಿನ ಹೊರಗೆ ಕೋಳಿ ಗೊಣಗುತ್ತಾ ಓಡಿದ್ದು ಅದಕ್ಕೆ ಕೇಳಿಸಿತು: “ಅಯ್ಯೋ, ಇದು ಆಗಲೇ ನಾಳೆಯ ಪರೀಕ್ಷೆಯ ಲೆಕ್ಕ ಬಿಡಿಸುತ್ತಿದೆ.”